ಒಂದಕ್ಕ

ಒಂದಕ್ಕ ಅಂತೀವಿ.
ನನಗದು ದಿನಕ್ಕ ಹದಿನೇಳು.

ರಾಯಚೂರಿಂದ ಸಿಂಧನೂರತನಕ ಸ್ಟೇಜುಗಳು
ನಾಲಿಗಿ ಮ್ಯಾಲ ಅದಾವ. ಆದರ ನನ್ನ ನಕ್ಷಾ ಬ್ಯಾರೆ:
ಕಲ್ಲೂರಾಗ ಪೆಟ್ರೋಲ್ ಬಂಕಿನ ಹಿಂದ, ಬಾಗಿಲಿಗೆ ಚಿಲಕಿಲ್ಲ.
ನೀರಮಾನ್ವಿ, ಹೆಸರಿನಾಗಷ್ಟ ನೀರು.
ಮಾನ್ವಿ ಸ್ಟ್ಯಾಂಡು, ಐದು ರೂಪಾಯಿ, ಚಿಲ್ಲರ ಇರಬೇಕು.
ಪೋತ್ನಾಳದಾಗ ಒಂದು ಜಾಲಿಗಿಡ.
ಜವಳಗೇರಾದಾಗ ಏನೂ ಇಲ್ಲ. ಹಲ್ಲು ಕಚ್ಚೂದು.

ಅದು ಹೇಳಿ ಬರಾಂಗಿಲ್ಲ.
ನಿಂತವರ ನಡುವ, ಕೈಯಾಗ ಯಾರದೋ ಹತ್ತರ ನೋಟು,
ಮೆಷಿನ್ನು ಟಿಕೀಟು ಉಗುಳೂಮುಂದ
ಕಿಬ್ಬೊಟ್ಟ್ಯಾಗ ಯಾರೋ ಸೀಟಿ ಊದಿಧಾಂಗ,
ಒಂದ ಸೀಟಿ, ನಿಲ್ಲಸು ಅಂತ.

ನೀರು ಬಿಟ್ಟೆ. ಮೇ ತಿಂಗಳ ಬಿಸಲಾಗ
ಬಾಟ್ಲಿ ಡ್ರೈವರ್ ಯಂಕೋಬಣ್ಣಗ ಕೊಟ್ಟು
ನಾಲಿಗೀಲೆ ತುಟಿ ಹಸಿ ಮಾಡ್ಕೋತ ದುಡದೆ.
ಅದಕ್ಕೂ ಅದು ಜಗ್ಗಲಿಲ್ಲ.
ರಾತ್ರಿ ನಾಕು ಸಲ ಏಳ್ತೀನಂತ,
ಮಗ್ಗಲಾಗಿನ ಮಗಳು ಎಣಸಿದ್ಳು, ನಾ ಅಲ್ಲ.

ಡಿಪೋದಾಗ ಕೇಳಿದ್ರು: ಸರ್ಟಿಫಿಕೀಟು ಐತೇನು, ಅಮರಮ್ಮ?
ಡಾಕ್ಟರು ಬರದಿದ್ರು: ಸೋಂಕಿಲ್ಲ, ಹರಳಿಲ್ಲ, ಸಕ್ಕರಿಲ್ಲ.
ಮೂರು ಇಲ್ಲ ಒಯ್ದು ಟೇಬಲ್ ಮ್ಯಾಲ ಇಟ್ಟೆ.
ಇಲ್ಲಕ್ಕ ರೂಟ್ ಬದಲಿ ಮಾಡಾಕ ಬರಾಂಗಿಲ್ಲಂತ.

ಆಮ್ಯಾಲ ದೊಡ್ಡಾಸ್ಪತ್ರಿ, ಎರಡನೇ ಮಾಳಿಗಿ.
ಮೆಹಜಬೀನ್ ಅನ್ನೂ ಹುಡುಗಿ, ಅಂದ್ರೂನ್ ಕಿಲ್ಲಾದಕಿ,
ಚೀಟಿ ಹಚ್ಚಿದ ಡಬ್ಬಿ ಕೊಟ್ಟಳು: ನಲವತ್ತೇಳು.
ಹೆಸರು ಬರೀಬಾರದಂತ.
ಮೂರು ದಿನದ ಹಾಳಿನೂ ಕೊಟ್ಟಳು,
ಎಷ್ಟೊತ್ತಿಗೆ, ಎಷ್ಟು, ಎಷ್ಟು ಅವಸರ.
ವೇಬಿಲ್ ಬರದ ಕೈ ನಂದು, ಒಂದು ಕಾಲಮ್ ಖಾಲಿ ಬಿಡಲಿಲ್ಲ.
"ಇಷ್ಟು ಚೊಕ್ಕ ಯಾರೂ ತುಂಬಿಲ್ಲಕ್ಕಾ" ಅಂದಳು.
ಈ ವಿಷಯಕ್ಕ ನನ್ನ ಹೊಗಳಿದ್ದು ಅದ ಮೊದಲು.

ಏನು ಹುಡಕ್ತಿ ಇದರಾಗ, ಅಂದೆ.
ಮೂತ್ರಚೀಲದ ನರ ಕೆರಳಿದರ
ಒಂದು ಪ್ರೋಟೀನು ಹೆಚ್ಚಿಗಿ ಸೋರತೈತಂತ,
ನರ ಬೆಳಸೂ ಪ್ರೋಟೀನು. ಅದರ ಗುರುತು ಪಕ್ಕಾ ಆದರ
ಒಳಗ ನಳಿಗಿ ತೂರಿಸೂದು ತಪ್ಪೀತು ಅಂತ ಆಸೆ.
ಬರೇ ಅದನ್ನ ಅಳದರ ಸಾಲದಂತ.
ನೀರು ಕುಡದಕಿದು ತೆಳು, ಕುಡೀದಕಿದು ಗಟ್ಟಿ,
ಅದಕ್ಕ ಕ್ರಿಯಾಟಿನಿನ್‌ನಿಂದ ಭಾಗಿಸೂದಂತ.
ತಿಳೀತು ಬಿಡವಾ, ಅಂದೆ. ನಮ್ಮಲ್ಲೂ
ಗಳಿಕಿ ಎಷ್ಟಂತ ಕೇಳೂದಿಲ್ಲ,
ಕಿಲೋಮೀಟರಿಗೆ ಎಷ್ಟಂತ ಕೇಳ್ತಾರ.
ಅಕಿ ನಕ್ಕಳು. ಡಬ್ಬಿ ಬರ್ಫಿನಾಗ ಇಳೀತು,
ಇನ್ನಾ ಬೆಚ್ಚಗಿತ್ತು.

ಆರು ವಾರ.
ನಲವತ್ತೇಳರ ಅಂಕಿ ಬಂತು, ನಟ್ಟನಡುವ.
ಬ್ಯಾನಿ ಇಲ್ಲದವರೊಳಗೂ ಇಂಥಾ ಅಂಕಿ ಅದಾವಂತ,
ಇದ್ದವರೊಳಗೂ.
"ಇದೊಂದರಿಂದ ಹೌದು ಅನ್ನಾಕ ಬರಾಂಗಿಲ್ಲಕ್ಕಾ,
ಇನ್ನಾ ಹುಡಕಾಕತ್ತೀವಿ.
ಹಾಳ್ಯಾಗ ನೀವು ಬರದೀರಲ್ಲ, ಡಾಕ್ಟರಿಗೆ ಅದ ಸಾಕಂತ."
ಗುಳಿಗಿ ಕೊಟ್ರು. ನೀರು ಬಿಡಬ್ಯಾಡ್ರಿ ಅಂದ್ರು.

ಡಿಪೋಕ್ಕ ಆ ಕಾಗದ ಇನ್ನಾ ಕೊಟ್ಟಿಲ್ಲ.

ನಿನ್ನೆ, ಪೋತ್ನಾಳ ದಾಟಿ,
ಬರೇ ಭತ್ತದ ಗದ್ದಿ, ಕಾಲುವಿ, ಬಿಸಲು.
ಬಂತು.
ಹಲ್ಲು ಕಚ್ಚಲಿಲ್ಲ. ಸೀಟಿ ಊದಿದೆ, ಒಂದ.
ಯಂಕೋಬಣ್ಣ ಕನ್ನಡ್ಯಾಗ ನೋಡಿದ, ನಿಲ್ಲಿಸಿದ.
"ಒಂದಕ್ಕ" ಅಂದೆ, ಎಲ್ಲಾರಿಗೂ ಕೇಳೂವಾಂಗ.
ಯಾವನೋ ಹಿಂದಿನ ಸೀಟಿನಾಗ ಕಿಸಕ್ಕಂದ. ಅನ್ಲಿ.
ಕಾಲುವಿ ದಂಡಿಯ ಜಾಲಿ ಮರಿಗೆ ಹೋಗೂಮುಂದ
ಬೆನ್ನ ಹಿಂದ ಬಳಿ ಸಪ್ಪಳ.
ಗುಡದೂರಿನ ಮುದುಕಿ, ಕೂಸಿನ ತಾಯಿ, ಕಾಲೇಜಿನಕಿ.
ಇಷ್ಟೊತ್ತನಕ ಒಬ್ಬಾಕೀನೂ ಬಾಯಿ ಬಿಟ್ಟಿರಲಿಲ್ಲ.

ಹತ್ತೂಮುಂದ ಎಣಸಿದೆ, ಚಾಳಿ ನೋಡ್ರಿ.
ಮೂರು. ನಾ ಸೇರಿ ನಾಕು.
ವೇಬಿಲ್ಲಿನಾಗ ಇದಕ್ಕ ಕಾಲಮ್ ಇಲ್ಲ.
ಎರಡು ಸೀಟಿ ಊದಿದೆ.